ದ್ರಾಕ್ಷಿ ಸಾಲಿನಲ್ಲಿ ಮಲಗಿದ ಕಾಕಾ

ಹೋದ ಶುಕ್ರವಾರ ಹೆಂಡತಿಯ ಕಾಟ ತಡೆಯಲಾರದೆ ಕರಿಬೇವಿನ ಸಸಿ ತರಲು ನರ್ಸರಿಗೆ ಹೋಗಿದ್ದೆ. ಕುವೈತಿನ ಬಿಸಿಲಿಗೆ ನಮ್ಮ ಬಾಲ್ಕನಿಯಲ್ಲಿ ಈಗಾಗಲೇ ಮೂರು ಕರಿಬೇವು ಸತ್ತಿವೆ. ನಾಲ್ಕನೆಯದನ್ನೂ ಕೊಂದರಾಯಿತು ಎಂದು ಗೊಣಗುತ್ತಲೇ ಒಳಗೆ ಹೊಕ್ಕೆ. ಅಲ್ಲಿ ಮೂಲೆಯಲ್ಲಿ ಒಬ್ಬ ಮಾಲಿ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕೋಲು ಹಾಕಿ ಏನೋ ಕದಡುತ್ತಿದ್ದ. ನೀಲಿ ನೀರು. ಸುಣ್ಣ ನೆಂದ ವಾಸನೆ, ಉಸಿರೆಳೆದರೆ ನಾಲಿಗೆಯ ಮೇಲೆ ತಾಮ್ರದ ರುಚಿ. ಮೈಲುತುತ್ತಕ್ಕೆ ಸುಣ್ಣ ಬೆರೆಸಿದ ಔಷಧ. ನಮ್ಮ ವಿಜಯಪುರದ ಕಡೆ ದ್ರಾಕ್ಷಿ ಬೆಳೆಯುವವರೆಲ್ಲ ಹೊಡೆಯುವುದು ಇದನ್ನೇ, ಬೋರ್ಡೋ ಎನ್ನುತ್ತಾರೆ. ಸಸಿಯನ್ನು ಅಲ್ಲೇ ಬಿಟ್ಟು ಕಾರಿಗೆ ಬಂದು ಕುಳಿತೆ.

ಆ ವಾಸನೆಗೆ ನನಗೆ ಅಪ್ಪನ ಹೊಲ ನೆನಪಾಗಬೇಕಿತ್ತು. ಆಗಲಿಲ್ಲ. ನೆನಪಾದದ್ದು ಕಾಕಾ. ಫ್ರಾನ್ಸ್ ದೇಶದ ಒಂದು ದ್ರಾಕ್ಷಿ ತೋಟದಲ್ಲಿ ಗಡ್ಡಕ್ಕೆ, ಮೊಣಕೈಗೆ ಇದೇ ನೀಲಿ ಪುಡಿ ಮೆತ್ತಿಕೊಂಡು ಎದ್ದು ಬಂದ ಕಾಕಾ...

ಅವರು ನಮ್ಮ ಕಂಪನಿಯ ಹಿರಿಯ ಫಿಟ್ಟರ್. ಬಂಟ್ವಾಳದ ಕಡೆಯ ಬ್ಯಾರಿ. ಅವರ ಮಂದಿಯೂ ಅವರನ್ನು ಕಾಕಾ ಎನ್ನುತ್ತಿದ್ದರು, ನಮ್ಮ ಕಡೆಯೂ ಚಿಕ್ಕಪ್ಪನಿಗೆ ಕಾಕಾ ಎನ್ನುವುದು ರೂಢಿ. ಹಾಗಾಗಿ ನನಗೂ ಅದೇ ಸಲೀಸಾಯಿತು. ನಮ್ಮದು ಬಾಟಲಿಗೆ ನೀರು, ಮಜ್ಜಿಗೆ, ಹಣ್ಣಿನ ರಸ ತುಂಬುವ ಯಂತ್ರಗಳನ್ನು ಮಾರಿ, ರಿಪೇರಿ ಮಾಡಿಕೊಡುವ ಕಂಪನಿ. ಆಫೀಸು ಮಿರ್ಕಾಬ್‌ನಲ್ಲಿ. ಕಾಗದದ ಮೇಲೆ ನಾನು ಎಂಜಿನಿಯರ್, ಅವರು ನನ್ನ ಕೈಕೆಳಗಿನವರು. ನಿಜ ಹೇಳಬೇಕೆಂದರೆ ಆ ಯಂತ್ರಗಳ ಬಗ್ಗೆ ನನಗೆ ಗೊತ್ತಿದ್ದುದರಲ್ಲಿ ಮುಕ್ಕಾಲು ಪಾಲು ಅವರೇ ಕಲಿಸಿದ್ದು. ಓಡುತ್ತಿರುವ ಯಂತ್ರದ ಮೈಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಯಾವ ಬೇರಿಂಗ್ ಹೋಗಿದೆ ಎಂದು ಹೇಳುತ್ತಿದ್ದರು. ಹೇಳಿದ್ದು ತಪ್ಪಿದ್ದು ನಾನು ಕಂಡಿಲ್ಲ. ಗ್ರಾಹಕರ ಮುಂದೆ ಮಾತ್ರ "ಸಾರ್ ಹೇಳಿದ್ರು" ಎಂದು ಎಲ್ಲ ಶ್ರೇಯಸ್ಸನ್ನೂ ನನಗೇ ಕೊಡುತ್ತಿದ್ದರು.

ಅವರಿಗೊಂದು ಅಭ್ಯಾಸವಿತ್ತು. ಹತ್ತು ನಿಮಿಷಕ್ಕೊಮ್ಮೆ ಅಂಗಿಯ ಎಡ ಜೇಬು ಮುಟ್ಟಿ ನೋಡಿಕೊಳ್ಳುವುದು. ಜೇಬಿನಲ್ಲಿ ಇರುತ್ತಿದ್ದುದು ಬತಾಕಾ, ಅಂದರೆ ಇಲ್ಲಿನ ಸಿವಿಲ್ ಐಡಿ ಕಾರ್ಡು. ಕುವೈತಿನಲ್ಲಿ ಬತಾಕಾ ಇಲ್ಲದೆ ಯಾರೂ ಹೊಸ್ತಿಲು ದಾಟುವುದಿಲ್ಲ, ಆದರೆ ಕಾಕಾ ಅದನ್ನು ಮುಟ್ಟುತ್ತಿದ್ದ ರೀತಿಯೇ ಬೇರೆ. ನಾನು ಚುಡಾಯಿಸುತ್ತಿದ್ದೆ, "ಅದೇನ್ ಕಾಲ್ ಬಂದು ಓಡಿ ಹೋಗಾಂಗಿಲ್ಲ ಬಿಡ್ರಿ ಕಾಕಾ." ಅವರು ನಕ್ಕುಬಿಡುತ್ತಿದ್ದರು. ಆಮೇಲೆ ಬೇರೆಯವರಿಂದ ತಿಳಿಯಿತು. ಮೊದಲು ಬಂದಾಗ ಅವರ ಕಫೀಲ್, ಅಂದರೆ ವೀಸಾ ಕೊಟ್ಟು ಕರೆಸಿಕೊಂಡ ಇಲ್ಲಿನ ಮಾಲೀಕ, ಕೈಯೆತ್ತಿಬಿಟ್ಟು, ಇಕಾಮಾ ಎನ್ನುವ ವಾಸದ ಪರವಾನಗಿ ಮುಗಿದು, ಮೂರು ವರ್ಷ ಕಾಗದಪತ್ರವೇ ಇಲ್ಲದೆ ಅಬ್ಬಾಸಿಯಾದ ಒಂದು ಬ್ಯಾಚುಲರ್ ರೂಮಿನಲ್ಲಿ ಅಡಗಿಕೊಂಡಿದ್ದರಂತೆ. ಸರಕಾರ ಕ್ಷಮೆ ಕೊಟ್ಟಾಗ ಎಲ್ಲ ಸರಿಮಾಡಿಕೊಂಡರು. ಆದರೆ ಆ ಮೂರು ವರ್ಷ ಅವರ ಮೈಯಿಂದ ಹೋಗಲೇ ಇಲ್ಲ. ಪೊಲೀಸ್ ಜೀಪು ಕಂಡರೆ ಇಪ್ಪತ್ತು ವರ್ಷದ ನಂತರವೂ ಅವರ ಮಾತು ನಡುವೆಯೇ ನಿಲ್ಲುತ್ತಿತ್ತು.

ಹೊಸ ಯಂತ್ರವೊಂದರ ತರಬೇತಿಗೆಂದು ಕಂಪನಿ ನಮ್ಮಿಬ್ಬರನ್ನು ಫ್ರಾನ್ಸಿಗೆ ಕಳಿಸಿತು. ಆರೇಳು ವರ್ಷವಾಯಿತು. ಯಂತ್ರ ತಯಾರಿಸುವವರ ಕಾರ್ಖಾನೆ ಇದ್ದದ್ದು ಬೋರ್ಡೋ ಪಟ್ಟಣದಿಂದ ಒಂದು ಗಂಟೆ ದೂರದ ಹಳ್ಳಿಯಲ್ಲಿ. ಸುತ್ತ ಕಣ್ಣು ಹಾಯಿಸಿದಷ್ಟೂ ವೈನ್ ದ್ರಾಕ್ಷಿ. ನಮ್ಮ ಅಪ್ಪನಿಗೆ ಬೋರ್ಡೋ ಎಂದರೆ ಡಬ್ಬಿಯ ಔಷಧ, ಅದೊಂದು ಊರು ಎಂದು ಅವರಿಗೆ ಸಾಯುವ ತನಕ ಗೊತ್ತಿರಲಿಲ್ಲ. ನಾನು ಆ ಊರಿನ ನೆಲದ ಮೇಲೆ ನಿಂತಿದ್ದೇನೆ ಎಂದು ಮೊದಲ ದಿನ ಎದೆ ಉಬ್ಬಿತ್ತು. ವಿಮಾನದಿಂದ ಇಳಿದ ಕೂಡಲೇ ಕಾಕಾ ತಮ್ಮ ಪಾಸ್‌ಪೋರ್ಟ್ ತೆಗೆದು ನನ್ನ ಕೈಗೆ ಕೊಟ್ಟರು. "ನಿಮ್ಮ ಹತ್ರ ಇರ್ಲಿ ಸಾರ್. ನಂಗೆ ಇದನ್ನು ಇಟ್ಕೊಂಡು ಅಭ್ಯಾಸ ಇಲ್ಲ" ಎಂದರು. ನಿಜವೇ. ಇಲ್ಲಿ ನಮ್ಮ ಪಾಸ್‌ಪೋರ್ಟ್ ಕಂಪನಿಯ ಕಪಾಟಿನಲ್ಲಿರುತ್ತದೆ, ಊರಿಗೆ ಹೊರಟಾಗಷ್ಟೇ ಕೈಗೆ ಸಿಗುತ್ತದೆ. ನಾನೂ ಕಂಪನಿಯ ದೊಡ್ಡ ಮನುಷ್ಯನಂತೆ ಎರಡನ್ನೂ ಲಾಡ್ಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಲಾಡ್ಜಿನ ಅಜ್ಜಿ ನಕಲು ಕೇಳಿದ್ದಕ್ಕೆ ಎರಡೂ ಪಾಸ್‌ಪೋರ್ಟಿನ, ವೀಸಾದ ಫೋಟೋ ಫೋನಿನಲ್ಲಿ ತೆಗೆದಿಟ್ಟುಕೊಂಡಿದ್ದೆ. ಮೊದಲು ನನ್ನವು, ಹಿಂದೆಯೇ ಕಾಕಾನವು. ಈ ಫೋಟೋದ ಮಾತು ಮುಂದೆ ಬರುತ್ತದೆ.

ಶನಿವಾರ ಕಾರ್ಖಾನೆಗೆ ರಜೆ. ಅಜ್ಜಿ ಎರಡು ಹಳೇ ಸೈಕಲ್ ಕೊಟ್ಟು, ತೋಟಗಳ ನಡುವೆ ಸುತ್ತಿ ಬನ್ನಿ ಎಂದು ಕೈ ಮಾಡಿ ತೋರಿಸಿದಳು. ಕಾಕಾ ಸೈಕಲ್ ಮುಟ್ಟಿ ಮೂವತ್ತು ವರ್ಷವಾಗಿತ್ತಂತೆ. ಮೊದಲ ತಿರುವಿನಲ್ಲೇ ಬೇಲಿಗೆ ಹೋಗಿ ಒರಗಿದರು. ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಸೆಪ್ಟೆಂಬರಿನ ಬಿಸಿಲು, ಬಿಸಿಲಲ್ಲಿ ಚಳಿಯೂ ಇತ್ತು. ನಮ್ಮ ಕಡೆ ದ್ರಾಕ್ಷಿ ಎಂದರೆ ತಲೆಯ ಮೇಲೆ ಚಪ್ಪರ, ಕೆಳಗೆ ನಡೆದಾಡಬಹುದು. ಅಲ್ಲಿ ಹಾಗಲ್ಲ, ಸೊಂಟದೆತ್ತರದ ಗಿಡಗಳನ್ನು ತಂತಿಗೆ ಕಟ್ಟಿ ಸಾಲು ಸಾಲು ನಿಲ್ಲಿಸಿದ್ದರು. ಎಲೆಗಳ ಮೇಲೆ ತಿಳಿ ನೀಲಿ ಪುಡಿ ಕೂತಿತ್ತು. ನಾನು ಎಲೆ ಉಜ್ಜಿ ಮೂಸಿ, "ಕಾಕಾ, ಇದು ನಮ್ಮ ಅಪ್ಪನ ಔಷಧಾರೀ!" ಎಂದು ಕೂಗಿದೆ. ಕಾಕಾ ಕಪ್ಪು ಗೊಂಚಲೊಂದನ್ನು ಅಂಗೈಯಲ್ಲಿ ತೂಗಿ ನೋಡಿ, "ಪಾಪ ಸಾರ್ ಇದು. ತನ್ನಿಂದ ಎಂತ ಮಾಡ್ತಾರೆ ಅಂತ ಇದಕ್ಕೆ ಗೊತ್ತೇ ಇಲ್ಲ" ಎಂದರು. ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಳ್ಳಲಿಲ್ಲ. ಕೇಳದೆ ತಿಂದರೆ ಕದ್ದಂತೆ ಎಂದರು.

ಮಧ್ಯಾಹ್ನ ಒಂದು ಕಲ್ಲಿನ ಗೋಡೆಯ ಹತ್ತಿರ ನಿಂತೆವು. ಅಲ್ಲಿ ಕೊಯ್ಲು ನಡೆದಿತ್ತು. ಬೇರೆ ಬೇರೆ ದೇಶದ ಕೂಲಿಯವರು ಬಗ್ಗಿ ಗೊಂಚಲು ಕತ್ತರಿಸುತ್ತಿದ್ದರು. ಅವರ ಸೈಕಲ್ಲುಗಳು ಗೋಡೆಗೆ ಒರಗಿದ್ದವು, ನಮ್ಮವನ್ನೂ ಅಲ್ಲೇ ಒರಗಿಸಿದೆವು. ಶೆಡ್ಡಿನ ಪಕ್ಕದ ನಲ್ಲಿಯಲ್ಲಿ ಕಾಕಾ ಕೈಕಾಲು ತೊಳೆದು, ನಮಾಜು ಮುಗಿಸಿ ಬರುತ್ತೇನೆಂದು ಖಾಲಿ ಸಾಲೊಂದಕ್ಕೆ ಹೋದರು. ನಾನು ಗೋಡೆಯ ಮೇಲೆ ಕೂತು ಮಗಳಿಗೆ ಕಳಿಸಲು ಫೋಟೋ ತೆಗೆಯುತ್ತಿದ್ದೆ. ಆಗ ರಸ್ತೆಯ ಎರಡೂ ಕಡೆಯಿಂದ ನೀಲಿ ವ್ಯಾನುಗಳು ಬಂದು ನಿಂತವು.

ಪೊಲೀಸರು. ಕೂಲಿಯವರ ಕಾಗದ ನೋಡಲು ಬಂದಿದ್ದರು. ಅಬ್ಬಾಸಿಯಾದಲ್ಲಿ ನಾನು ಎಷ್ಟೋ ಸಲ ಕಂಡ ದೃಶ್ಯವೇ. ರಸ್ತೆ ಮುಚ್ಚುವುದು, ಸಾಲಾಗಿ ನಿಲ್ಲಿಸುವುದು, ಕೈ ಚಾಚಿ ಕೇಳುವುದು. ಆಗಷ್ಟೇ ನನಗೆ ಹೊಳೆಯಿತು, ಪಾಸ್‌ಪೋರ್ಟ್ ಲಾಡ್ಜಿನಲ್ಲಿದೆ. ಬೆಳಿಗ್ಗೆ ಹೊರಡುವಾಗ ಇಬ್ಬರೂ ಜೇಬು ಮುಟ್ಟಿ ನೋಡಿಕೊಂಡಿದ್ದೆವು, ಬತಾಕಾ ಇದೆ, ಖಲಾಸ್, ನಡಿ ಎಂದು. ಕುವೈತಿನ ಬತಾಕಾ ಫ್ರಾನ್ಸಿನಲ್ಲಿ ಯಾವ ಉಪಯೋಗಕ್ಕೆ? ನನ್ನಂಥ ಓದಿದ ಕತ್ತೆಗೆ ಅದು ತಿಳಿಯಬೇಡವೇ!

ತಲೆ ಎತ್ತಿ ನೋಡಿದೆ. ನಾಲ್ಕಾರು ಸಾಲುಗಳಾಚೆ ಕಾಕಾ ನಮಾಜು ಮುಗಿಸಿ ಎದ್ದು ಬರುತ್ತಿದ್ದರು. ವ್ಯಾನು ಕಂಡರು. ಅವರ ಕೈ ಎಡ ಜೇಬಿಗೆ ಹೋಯಿತು. ನನ್ನನ್ನು ನೋಡಿದರು. ಮರುಕ್ಷಣ ಓಡಿದರು. ಐವತ್ತೇಳು ವರ್ಷದ, ಮೊಣಕಾಲು ನೋವಿನ ಮನುಷ್ಯ ನಾಲ್ಕು ಹೆಜ್ಜೆ ಓಡಿ, ಸಾಲಿನ ನಡುವೆ ಕುಸಿದಂತೆ ಮರೆಯಾದರು.

ಒಬ್ಬ ಪೊಲೀಸ್ ಅದನ್ನು ಕಂಡಿದ್ದ. ಸೀದಾ ನನ್ನ ಹತ್ತಿರ ಬಂದ. ಎಳೆಯ ವಯಸ್ಸಿನವನು, ಇಂಗ್ಲಿಷ್ ಬರುತ್ತಿತ್ತು. ಕಾಗದ ಕೇಳಿದ. ನಾನು ಬತಾಕಾ ಕೊಟ್ಟೆ. ಅದನ್ನು ಹಿಂದೆ ಮುಂದೆ ತಿರುಗಿಸಿ, ಅರಬ್ಬಿ ಅಕ್ಷರ ನೋಡಿ ಹುಬ್ಬೇರಿಸಿದ. ಫೋನಿನಲ್ಲಿದ್ದ ಪಾಸ್‌ಪೋರ್ಟಿನ, ವೀಸಾದ ಫೋಟೋ ತೋರಿಸಿದೆ. ಅವನೇ ಫೋನಿನ ಇನ್ನೊಂದು ತುದಿ ಹಿಡಿದುಕೊಂಡು ಓದಿದ. ಸರಿ ಎಂದ. ಆಮೇಲೆ ತೋಟದ ಕಡೆ ಕೈ ತೋರಿಸಿ ಕೇಳಿದ, ಓಡಿದನಲ್ಲ ಅವನು ನಿನ್ನ ಜೊತೆಯವನೇ?

ಒಂದು ಬೆರಳು ಸರಿಸಿದ್ದರೆ ಸಾಕಿತ್ತು. ಮುಂದಿನ ಫೋಟೋ ಕಾಕಾನ ಪಾಸ್‌ಪೋರ್ಟು, ಅದರ ಮುಂದಿನದು ಅವರ ವೀಸಾ. ಎಲ್ಲ ಸರಿಯಾಗಿತ್ತು, ಯಾವ ತಪ್ಪೂ ಇರಲಿಲ್ಲ. ಇವರು ನಮ್ಮವರು, ಹೆದರಿದ್ದಾರೆ, ಅಷ್ಟೇ ಎಂದಿದ್ದರೆ ಆ ಹುಡುಗ ನಕ್ಕು ಹೋಗುತ್ತಿದ್ದನೋ ಏನೋ. ಆದರೆ ನನ್ನ ತಲೆಯಲ್ಲಿ ಆಗ ಓಡುತ್ತಿದ್ದುದೇ ಬೇರೆ. ತಪ್ಪಿಲ್ಲದವರು ಯಾಕೆ ಓಡಿದರು ಎಂದು ಕೇಳಿದರೆ? ಇಬ್ಬರನ್ನೂ ಠಾಣೆಗೆ ಕರೆದೊಯ್ದರೆ? ಕಂಪನಿಗೆ ಫೋನು ಹೋದರೆ? ಇಕಾಮಾ ಹೋದರೆ ಖೈತಾನ್‌ನಲ್ಲಿರುವ ಹೆಂಡತಿ, ಹತ್ತನೇ ಕ್ಲಾಸಿನ ಮಗಳು...? ಅಷ್ಟರಲ್ಲಿ ಅತ್ತ ಇಬ್ಬರು ಕೂಲಿಯವರನ್ನು ತೋಳು ಹಿಡಿದು ವ್ಯಾನಿಗೆ ಹತ್ತಿಸುತ್ತಿದ್ದರು. ಅದರಲ್ಲೊಬ್ಬ ಅಳುತ್ತಿದ್ದ.

"ಇಲ್ಲ" ಎಂದೆ. "ನಾನು ಒಬ್ಬನೇ. ಅವರು ಯಾರೋ ನನಗೆ ಗೊತ್ತಿಲ್ಲ."

ಇಂಗ್ಲಿಷಿನಲ್ಲಿ ಹೇಳಿದೆ, ಗಟ್ಟಿಯಾಗಿಯೇ ಹೇಳಿದೆ. ಹೆದರಿದವನ ದನಿ ಜೋರಾಗಿಯೇ ಬರುತ್ತದೆ. ಅವನು ಗೋಡೆಗೆ ಒರಗಿದ್ದ ಕಾಕಾನ ಸೈಕಲ್ ತೋರಿಸಿ ಇದು ಯಾರದ್ದು ಎಂದ. ಅದೂ ಗೊತ್ತಿಲ್ಲ ಎಂದೆ. ಫೋನನ್ನು ಜೇಬಿಗೆ ಹಾಕಿಕೊಂಡೆ. ಇಬ್ಬರು ಪೊಲೀಸರು ಸಾಲುಗಳ ಅಂಚಿನಲ್ಲಿ ಸ್ವಲ್ಪ ದೂರ ನಡೆದು, ಬಗ್ಗಿ ನೋಡಿ, ವಾಪಸ್ಸು ಬಂದರು. ಅವರು ಬಗ್ಗಿದಾಗಲೆಲ್ಲ ನಾನು ಏನು ಬೇಡಿಕೊಂಡೆ ಗೊತ್ತೇ? ಕಾಕಾ ಸಿಗಬಾರದು ಎಂದಷ್ಟೇ ಅಲ್ಲ. ಸಿಕ್ಕರೂ ನನ್ನ ಕಡೆ ಕೈ ತೋರಿಸಬಾರದು ಎಂದು. ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ವ್ಯಾನುಗಳು ಹೋದವು. ಕೂಲಿಯವರು ಸ್ವಲ್ಪ ಹೊತ್ತು ನಿಂತಿದ್ದು ಮತ್ತೆ ಕತ್ತರಿ ಹಿಡಿದರು. ನಾನು ತೋಟಕ್ಕೆ ಇಳಿದೆ. ಒಂದು ಸಾಲು, ಎರಡು ಸಾಲು, ಇಪ್ಪತ್ತು ಸಾಲು... ಎಲ್ಲ ಒಂದೇ ತೆರ. ಎಲ್ಲಿಂದ ಬಂದೆ, ಎತ್ತ ಹೊರಟೆ ತಿಳಿಯುತ್ತಿರಲಿಲ್ಲ. ಗಟ್ಟಿಯಾಗಿ ಕರೆಯಲೂ ಅಂಜಿಕೆ. ಹೋದವರು ತಿರುಗಿ ಬಂದರೆ? ಬಾಯಿಯೊಳಗೇ "ಕಾಕಾ, ಕಾಕಾ" ಎನ್ನುತ್ತಾ ತಿರುಗಿದೆ. ಒಂದು ಗಂಟೆಯಾಯಿತು, ಎರಡಾಯಿತು. ಹೃದಯಕ್ಕೆ ಏನಾದರೂ ಆಗಿದ್ದರೆ? ಬಂಟ್ವಾಳದಲ್ಲಿರುವ ಅವರ ಮನೆಯವರಿಗೆ ಏನೆಂದು ಫೋನು ಮಾಡಲಿ, ನಿಮ್ಮವರು ಯಾರೋ ನನಗೆ ಗೊತ್ತಿಲ್ಲ ಎಂದು ಹೇಳಿದೆ ಎನ್ನಲೇ? ಅಂಥ ಹೆದರಿಕೆಯನ್ನು ನಾನು ಅದಕ್ಕೆ ಮೊದಲು ಉಂಡಿರಲಿಲ್ಲ. ಕೊನೆಗೆ ಒಂದು ಸಾಲಿನ ತುದಿಯಲ್ಲಿ ಕುಳಿತೇಬಿಟ್ಟೆ.

"ಹೋದ್ರಾ ಸಾರ್?"

ದನಿ ನನ್ನ ಬೆನ್ನ ಹಿಂದಿನಿಂದಲೇ ಬಂತು. ಪಕ್ಕದ ಸಾಲಿನ ಬುಡದಲ್ಲಿ ಕಾಕಾ ಬೋರಲು ಮಲಗಿದ್ದರು. ಗೋಡೆಯಿಂದ ಬಹಳ ದೂರವೂ ಅಲ್ಲ. ಗಿಡ ಸೊಂಟದಷ್ಟೇ ಎತ್ತರ, ಕೂತರೆ ತಲೆ ಕಾಣುತ್ತದೆಂದು ಅಷ್ಟೂ ಹೊತ್ತು ನೆಲಕ್ಕೆ ಕೆನ್ನೆಯೊತ್ತಿ ಮಲಗಿದ್ದರು. ಎಬ್ಬಿಸಿದೆ. ಬಿಳಿ ಗಡ್ಡವೆಲ್ಲ ನೀಲಿ. ಮೊಣಕೈ ತರಚಿ, ರಕ್ತದ ಮೇಲೆ ಆ ಪುಡಿ ಮೆತ್ತಿತ್ತು. ಬಾಟಲಿಯಲ್ಲಿದ್ದ ನೀರು ಕುಡಿಸಿದೆ. ಅವರು ಅಲ್ಲಿಂದಲೇ ಎಲ್ಲ ಕೇಳಿಸಿಕೊಂಡಿರಬೇಕು ಎಂದು ಆಗ ಹೊಳೆಯಿತು. ಅವರಿಗೆ ಇಂಗ್ಲಿಷ್ ಹೆಚ್ಚು ಬಾರದು, ಆದರೆ ನಾನು ಹೇಳಿದಷ್ಟು ಇಂಗ್ಲಿಷ್ ಕುವೈತಿನಲ್ಲಿರುವ ಎಲ್ಲರಿಗೂ ಬರುತ್ತದೆ.

"ಕಾಕಾ, ನಾ ಏನು ಹೇಳಿದೆನಲ್ಲಾ..." ಎಂದು ಶುರುಮಾಡಿದೆ.

ಅವರು ನನ್ನ ಎರಡೂ ಕೈ ಹಿಡಿದುಕೊಂಡರು. "ಕೇಳಿಸ್ತು ಸಾರ್. ನೀವು ದೊಡ್ಡ ಮನುಷ್ಯರು ಮಾರಾಯ್ರೆ! ಎಂಜಿನಿಯರ್ ಜನ, ನಿಮಗೆ ಇದೆಲ್ಲ ಎಲ್ಲಿಂದ ಗೊತ್ತಾಯ್ತು?"

ನನಗೆ ಅರ್ಥವಾಗಲಿಲ್ಲ. ಆಗ ಅವರು ತಮ್ಮ ರೂಮಿನ ಕಾನೂನು ಹೇಳಿದರು. ಅಬ್ಬಾಸಿಯಾದ ಆ ಕೋಣೆಯಲ್ಲಿ ಎಂಟು ಜನ, ಇಕಾಮಾ ಇಲ್ಲದವರು ಕಾಕಾ ಒಬ್ಬರೇ. ಬಾಗಿಲು ಬಡಿದ ಸದ್ದಾದರೆ ಕಾಕಾ ತಾರಸಿಯ ನೀರಿನ ಟ್ಯಾಂಕುಗಳ ಹಿಂದೆ ಹೋಗಿ ಮಲಗಬೇಕು. ಉಳಿದ ಏಳು ಜನರೂ ಒಂದೇ ಮಾತು ಹೇಳಬೇಕು, ಅಂಥವನು ಯಾರೂ ಇಲ್ಲ, ನಮಗೆ ಗೊತ್ತಿಲ್ಲ. ಹಾಸಿಗೆ ಯಾರದ್ದು ಎಂದರೆ ಗೊತ್ತಿಲ್ಲ. ಚಪ್ಪಲಿ ಯಾರದ್ದು ಎಂದರೆ ಗೊತ್ತಿಲ್ಲ. ಒಬ್ಬನಿಗೆ ಕೆನ್ನೆಗೆ ಬಿದ್ದರೂ ಹಾಗೇ ಹೇಳಿದ್ದನಂತೆ. "ಗೊತ್ತುಂಟು ಅಂತ ಹೇಳಿದವ ಕೊಂದ ಹಾಗೆ ಸಾರ್. ಗೊತ್ತಿಲ್ಲ ಅಂತ ಹೇಳಿದವನೇ ಸ್ವಂತದವ" ಎಂದರು. ಕಣ್ಣಿನಿಂದ ನೀರು ಇಳಿದು ನೀಲಿ ಗಡ್ಡದಲ್ಲಿ ಗೆರೆ ಮೂಡಿತು. "ಸೈಕಲ್ ಕೂಡ ಗೊತ್ತಿಲ್ಲ ಅಂದ್ರಿ ನೋಡಿ..."

ನಾನು ಹೇಳಬೇಕಿತ್ತು. ಕಾಕಾ, ನಾನು ನಿಮ್ಮನ್ನು ಉಳಿಸಲು ಹಾಗೆ ಹೇಳಲಿಲ್ಲ, ನನ್ನ ಚರ್ಮ ಉಳಿಸಿಕೊಳ್ಳಲು ಹೇಳಿದೆ. ನಿಮ್ಮ ವೀಸಾ ನನ್ನ ಫೋನಿನಲ್ಲೇ ಇತ್ತು. ನೀವು ಈ ಮಣ್ಣಿನಲ್ಲಿ ಮಲಗುವ ಅಗತ್ಯವೇ ಇರಲಿಲ್ಲ... ಹೇಳಲಿಲ್ಲ. ತಲೆ ತಗ್ಗಿಸಿ ಅವರ ಅಂಗಿಯ ಮಣ್ಣು ಒರೆಸುತ್ತಾ ಕುಳಿತೆ. ಅವರು ಅದನ್ನು ನನ್ನ ವಿನಯ ಎಂದುಕೊಂಡರು. ಸಂಜೆ ಸೈಕಲ್ ತಳ್ಳಿಕೊಂಡು ನಡೆದೇ ಲಾಡ್ಜಿಗೆ ಬಂದೆವು. ದಾರಿಯಲ್ಲಿ ಯಾವ ಕಾರು ಬಂದರೂ ಇಬ್ಬರೂ ಬೆಚ್ಚಿ ಬೀಳುತ್ತಿದ್ದೆವು. ಆ ರಾತ್ರಿಯೇ ಫೋನಿನಿಂದ ಅವರ ಪಾಸ್‌ಪೋರ್ಟಿನ ಫೋಟೋ ಅಳಿಸಿಹಾಕಿದೆ. ಯಾರು ಕೇಳುವವರಿದ್ದರು? ಆದರೂ ಅಳಿಸಿದೆ.

ಕುವೈತಿಗೆ ಬಂದ ಮೇಲೆ ಕಾಕಾ ಸುಮ್ಮನಿರಲಿಲ್ಲ. ವರ್ಕ್‌ಶಾಪಿನಲ್ಲಿ, ಅಬ್ಬಾಸಿಯಾದ ಚಹಾ ಅಂಗಡಿಯಲ್ಲಿ, ಮಸೀದಿಯ ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ ಈ ಕತೆಯನ್ನೇ ಹೇಳಿದರು. ಹೇಳಿದಷ್ಟೂ ಅದು ಬೆಳೆಯಿತು. ಪೊಲೀಸ್ ಒಬ್ಬನಿದ್ದವನು ನಾಲ್ವರಾದರು. ನನ್ನ ಕೊರಳಪಟ್ಟಿ ಹಿಡಿದರಂತೆ, ನಾನು ಕಣ್ಣು ಮಿಟುಕಿಸಲಿಲ್ಲವಂತೆ. ಪರಿಚಯವಿಲ್ಲದವರು ಬಂದು ನನ್ನ ಕೈ ಕುಲುಕುತ್ತಿದ್ದರು. ಪ್ರತಿ ಈದ್‌ಗೆ ನಮ್ಮ ಮನೆಗೆ ಮಿಠಾಯಿ ಡಬ್ಬಿ ಬರುತ್ತಿತ್ತು, ಅದೂ ಸಸ್ಯಾಹಾರಿ ಅಂಗಡಿಯಿಂದ, ಬಿಲ್ಲಿನ ಚೀಟಿ ತೋರಿಸಿ, ನನ್ನ ಹೆಂಡತಿಯ ಸಲುವಾಗಿ "ಅಮ್ಮನಿಗೆ ಸಂಶಯ ಬೇಡ" ಎಂದು ಕೊಡುತ್ತಿದ್ದರು. ಹೆಂಡತಿ ಹೆಮ್ಮೆಯಿಂದ ಬೀಗುತ್ತಿದ್ದಳು. ನಾನು ಆ ಡಬ್ಬಿ ಮುಟ್ಟುತ್ತಿರಲಿಲ್ಲ. ಎಂದಾದರೊಂದು ದಿನ ಅವರಿಗೆ ಗೊತ್ತಾಗುತ್ತದೆ ಎಂಬ ಅಳುಕು. ಯಾರು ಹೇಳುತ್ತಾರೆ, ನಾನಲ್ಲದೆ ಬೇರೆ ಯಾರಿಗೂ ಗೊತ್ತಿಲ್ಲವಲ್ಲ! ಆದರೂ ಅವರು "ಸಾರ್, ಒಂದು ಮಾತು" ಎಂದು ಬಂದಾಗಲೆಲ್ಲ ಎದೆ ಧಸಕ್ ಎನ್ನುತ್ತಿತ್ತು.

ಮೂರು ವರ್ಷದ ಹಿಂದೆ ಕಾಕಾ ಎಲ್ಲ ಖಲಾಸ್ ಮಾಡಿಕೊಂಡು ಊರಿಗೆ ಹೊರಟರು. ವಿಮಾನ ನಿಲ್ದಾಣಕ್ಕೆ ನಾನೇ ಕಾರಿನಲ್ಲಿ ಬಿಟ್ಟೆ. ಇವತ್ತು ಹೇಳಲೇಬೇಕು ಎಂದು ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡಿದ್ದೆ. ಒಳಗೆ ಹೋಗುವ ಮುಂಚೆ ಅವರು ತಿರುಗಿ ನಿಂತು, ನನ್ನ ಕೈ ಹಿಡಿದು ತಮ್ಮ ಕಣ್ಣಿಗೆ ಒತ್ತಿಕೊಂಡರು. "ಮಕ್ಕಳಿಗೆಲ್ಲ ಹೇಳಿದ್ದೇನೆ ಸಾರ್" ಎಂದರು. "ಹೋಗಿ ಬರ್ರಿ ಕಾಕಾ" ಎಂದಷ್ಟೇ ಬಂತು ನನ್ನ ಬಾಯಿಂದ.

ಅವರು ತೀರಿಕೊಂಡು ಎಂಟು ತಿಂಗಳಾಯಿತು. ಸುದ್ದಿ ಕೇಳಿದ ದಿನ ನಾನು ಅತ್ತೆ. ಅಳುವಿನ ಜೊತೆಗೇ ಒಳಗೆಲ್ಲೋ ಒಂದು ಭಾರ ಇಳಿದಂತೆಯೂ ಆಯಿತು, ಇನ್ನು ಯಾರಿಗೂ ಏನೂ ಗೊತ್ತಾಗುವುದಿಲ್ಲ ಎಂದು. ಅದನ್ನೂ ಬಚ್ಚಿಡದೆ ಬರೆಯುತ್ತಿದ್ದೇನೆ. ಆ ನೆಮ್ಮದಿ ಬಹಳ ದಿನ ಉಳಿಯಲಿಲ್ಲ. ಕಳೆದ ತಿಂಗಳು ಅವರ ಮಗಳು ಫೋನು ಮಾಡಿದಳು. ಅವಳ ಗಂಡನಿಗೆ ಇಲ್ಲಿಯ ವೀಸಾ ಆಗಿದೆಯಂತೆ. ಬರುವ ವಾರ ಬರುತ್ತಾನೆ.

"ಕಫೀಲ್ ಹೇಗೋ, ರೂಮು ಹೇಗೋ, ಎಂತದೂ ಗೊತ್ತಿಲ್ಲ ಸಾರ್" ಎಂದಳು. "ಆದ್ರೆ ಬಾಪ ಹೋಗುವ ಮುಂಚೆ ಹೇಳಿದ್ದಾರೆ, ಅಲ್ಲಿ ಸಾರ್ ಇದ್ದಾರೆ, ಪೊಲೀಸರು ಎದುರು ನಿಂತ್ರೂ ನಮ್ಮವರನ್ನು ಬಿಟ್ಟುಕೊಡುವವರಲ್ಲ ಅಂತ. ಹಾಗಾಗಿ ನಮಗೆ ಹೆದರಿಕೆ ಇಲ್ಲ."

ನಾನು ಹೂಂ ಎಂದೆ. ಬರಲಿ, ನಾನಿದ್ದೇನೆ ಎಂದೂ ಹೇಳಿದೆ. ವಿಮಾನ ನಿಲ್ದಾಣಕ್ಕೆ ನಾನೇ ಹೋಗುತ್ತೇನೆ. ಮೊದಲು ಆ ಅಳಿಯನನ್ನು ಕೂರಿಸಿ ಎಲ್ಲ ಹೇಳಿಬಿಡಬೇಕು ಎಂದು ನಿಶ್ಚಯಿಸಿ ಇದನ್ನು ಬರೆಯಲು ಕುಳಿತೆ. ಹೇಳಿದರೆ ಬಂಟ್ವಾಳದ ಆ ಮನೆಯಲ್ಲಿ ಕಾಕಾ ಬಿಟ್ಟುಹೋದ ಧೈರ್ಯ ಹೋಗುತ್ತದೆ. ಹೇಳದಿದ್ದರೆ ಅವನು ನನ್ನನ್ನು ನಂಬಿ ಈ ಊರಲ್ಲಿ ಓಡಾಡುತ್ತಾನೆ. ಯಾವತ್ತೋ ಒಂದು ದಿನ ಅಬ್ಬಾಸಿಯಾದ ರಸ್ತೆಯಲ್ಲಿ ಜೀಪು ನಿಂತು, ಯಾರೋ ಅವನ ಕಡೆ ಕೈ ತೋರಿಸಿ, ಇವನು ನಿನಗೆ ಗೊತ್ತೇ ಎಂದು ನನ್ನನ್ನು ಕೇಳಿದರೆ ನಾನು ಏನು ಹೇಳುತ್ತೇನೆ... ಕಾಕಾ ಇಲ್ಲ, ಕೇಳೋಣವೆಂದರೆ. ಅವರ ಮನೆಯವರಿಗೆ ಹೆದರಿಕೆ ಇಲ್ಲವಂತೆ. ನನಗಿದೆ.